ಶುಕ್ರವಾರದ ಹಾಡು

2015ರಿಂದ ಲೋಕದ ಹೊಸ ಹಾಡುಗಳೆಲ್ಲ ಹೆಚ್ಚಾಗಿ ಶುಕ್ರವಾರವೇ ಬರುವುದು. ಭಂಕೂರಿನ ನಮ್ಮ ಫರಸಿ ಕಟ್ಟೆ ಮೇಲೆ ಕೂತು ನಾನೂ ಶುಕ್ರವಾರ ಕಾಯ್ತೀನಿ. ದಿ ರಘು ದೀಕ್ಷಿತ್ ಪ್ರಾಜೆಕ್ಟ್ ಬ್ಯಾಂಡಿನ ಹುಚ್ಚು ಹಿಡಿದವರಿಗೆ ಕಾಯೋದು ಹೊಸದಲ್ಲ ಬಿಡಿ. ಮೊದಲ ಆಲ್ಬಮ್ 'ಅಂತರಾಗ್ನಿ' 2008ರಲ್ಲಿ, ಎರಡನೆಯ 'ಜಗ್ ಚಂಗಾ' 2013ರಲ್ಲಿ. ನಡುವೆ ಐದು ವರ್ಷ! ಅಷ್ಟರಲ್ಲಿ ನಮ್ಮಲ್ಲಿ ಸಿ.ಡಿ. ಅಂಗಡಿಗಳೇ ಎದ್ದು ಹೋದವು.

ಮೊನ್ನೆ ಹೊಸದೇನೂ ಬಂದಿರಲಿಲ್ಲ. ಸುಮ್ಮನೆ 'ಅಂತರಾಗ್ನಿ' ಹಚ್ಚಿದೆ. ಷರೀಫಜ್ಜನ ಸೋರುವ ಮಾಳಿಗೆಯ ಪದ ಬಂತು, ಗಿಟಾರು, ಡ್ರಮ್ಮು ಎಲ್ಲ ಜೋರು. (ನಮ್ಮ ಮಾಳಿಗೆಯೂ ಮಳೆಗಾಲದಲ್ಲಿ ಸೋರುತ್ತೆ, ಆ ಮಾತು ಬೇರೆ.) ಪಕ್ಕದಲ್ಲಿ ತಂಬಾಕು ತಿಕ್ಕುತ್ತಿದ್ದ ಮುತ್ಯಾ ಕೈ ನಿಲ್ಲಿಸಿದ. ತಲೆ ಮೆಲ್ಲಗೆ ತಾಳಕ್ಕೆ ಬಿತ್ತು.

"ಯಾರ್ದೋ ಇದು?"

"ಬ್ಯಾಂಡಿಂದು ಮುತ್ಯಾ. ರಾಕ್ ಅಂತಾರ."

"ರಾಕ್ ಏನ್ ಬಂತೋ, ನಾವು ಅಮಾಸಿ ಭಜನಿಗಿ ಹಾಡಾದು ಇದೇ ಅದಲ್ಲ. ಖರೇ, ಇವ ಭಾಳ ಅವಸರ ಮಾಡ್ತಾನ."

ಷರೀಫರು ತೀರಿಹೋದದ್ದು 1889ರಲ್ಲಿ. ಆದರೂ ನನ್ನ ಪಾಲಿಗೆ ಅವರದೇ ಹೊಸ ರಿಲೀಸು. ಆ ಬ್ಯಾಂಡಿನ ಹಿಂದಿ ಹಾಡುಗಳಿಗಿಂತ ಕನ್ನಡದವೇ ಒಂದು ಕೈ ಮೇಲು, ಜಗಳಕ್ಕೆ ಬರೋರು ಬರಬಹುದು.

ರಘು ದೀಕ್ಷಿತರೇ, ಒಂದು ಅರ್ಜಿ. ಮುಂದಿನ ಸಲ ನಮ್ಮ ಕಡೆಯ ಕಡಕೋಳ ಮಡಿವಾಳಪ್ಪನ ತತ್ವಪದ ಒಂದು ತಗೊಳ್ರಿ. ಏಕತಾರಿಗೆ ಮುತ್ಯಾ ಇದ್ದಾನ.