ಭರಣಿ ಬಿದ್ದ ರಾತ್ರಿ

ಏಪ್ರಿಲ್ ಕೊನೆ, ಮಧ್ಯಾಹ್ನದ ಎರಡು ಗಂಟೆ. ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಬೈಕು ನಿಲ್ಲಿಸಿ ತೆಂಗಿನ ತೋಟಕ್ಕೆ ಇಳಿಯುತ್ತೀರಿ. ನೆರಳೇನೋ ಇದೆ, ತಂಪಿಲ್ಲ. ಬದಿಯ ಬಾಳೆ ಎಲೆಗೆ ಕೈ ತಾಕುತ್ತದೆ. ಅಂಟು. ಬೆರಳ ತುದಿಗೆ ಒಲೆಯ ಮಸಿಯಂಥ ಕಪ್ಪು.

"ಎಲೇಲಿ ಏನಿಲ್ಲ, ಮೇಲೆ ನೋಡಿ."

ತೋಟದ ಯಜಮಾನರು ಜೋತುಬಿದ್ದ ಗರಿಯೊಂದನ್ನು ಎಳೆದು ಮಗುಚುತ್ತಾರೆ. ಅಡಿಬದಿಯಲ್ಲಿ ರಂಗೋಲಿ ಪುಡಿ ಚೆಲ್ಲಿ ಬೆರಳಾಡಿಸಿದಂಥ ಬಿಳಿ ಸುರುಳಿಗಳು, ಮೊಟ್ಟೆಗಳೆಲ್ಲ ಅಲ್ಲೇ. ಗರಿ ಅಲುಗಿದ್ದೇ ತಡ, 2.5 ಮಿಲಿಮೀಟರ್ ಉದ್ದದ ನೊಣಗಳು ಬೂದಿ ಊದಿದಂತೆ ಮುಖಕ್ಕೆ ಏಳುತ್ತವೆ. ರುಗೋಸ್ ಬಿಳಿನೊಣ. ದೇಶದಲ್ಲಿ ಇದು ಮೊದಲು ಕಂಡದ್ದು 2016ರಲ್ಲಿ, ಪೊಳ್ಳಾಚಿಯ ತೆಂಗಿನಲ್ಲಿ. ಗರಿಯ ರಸ ಹೀರಿ, ಹೆಚ್ಚಾದ ಸಿಹಿಯನ್ನು ಹನಿಹನಿಯಾಗಿ ಕೆಳಗೆ ಬಿಡುತ್ತದೆ. ಆ ಸಿಹಿಯ ಮೇಲೆ ಬೆಳೆದ ಬೂಷ್ಟೇ ನಿಮ್ಮ ಬೆರಳಿನ ಮಸಿ. ಬಿಸಿಲೇರಿ ಹವೆ ಒಣಗಿದಷ್ಟೂ ನೊಣದ ಸಂಸಾರ ಬೆಳೆಯುತ್ತದೆ.

"ಔಷ್ದಿ ಹೊಡ್ಯಲ್ವಾ?"

ಉತ್ತರವಿಲ್ಲ. ಯಜಮಾನರ ಜೇಬಿನ ಭೂತಗನ್ನಡಿ ನಿಮ್ಮ ಕೈಗೆ ಬರುತ್ತದೆ. ಬಿಳಿ ಮರಿಗಳ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪಗಾಗಿವೆ. ಕೆಲವುಗಳ ಬೆನ್ನಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತು. ಎನ್ಕಾರ್ಸಿಯ ಎಂಬ ಕಣಜ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು, ಮರಿಯನ್ನು ಒಳಗಿಂದಲೇ ತಿಂದು ಹೊರಬಿದ್ದ ಬಾಗಿಲು ಅದು.

"ವಿಷ ಹೊಡುದ್ರೆ ಇದೂ ಸಾಯ್ತದೆ. ಆಮೇಲೆ ನೊಣದ್ದೇ ರಾಜ್ಯ."

ಸಂಜೆ ಮೋಡ ಕವಿಯುತ್ತದೆ. ಮೊದಲು ಗಾಳಿ, ಗರಿಗಳೆಲ್ಲ ತಿರುಗಿ ಬಿಳಿಯ ಮಗ್ಗುಲು ಆಕಾಶಕ್ಕೆ ಬೀಳುತ್ತದೆ. ಆಮೇಲೆ ಭರಣಿ ಮಳೆ, ದಪ್ಪ ಹನಿ, ಹೆಂಚಿನ ಮೇಲೆ ಕಲ್ಲು ತೂರಿದ ಸದ್ದು. ನಡುರಾತ್ರಿಯವರೆಗೂ ನಿಲ್ಲುವುದಿಲ್ಲ.

ಬೆಳಿಗ್ಗೆ ಕಾಲ ಕೆಳಗೆ ಕೆಸರು. ಬಾಳೆ ಎಲೆಯ ಮಸಿ ಪೊರೆಪೊರೆಯಾಗಿ ಎದ್ದು, ಸಂದಿನಲ್ಲಿ ಹಸಿರು ಕಾಣುತ್ತಿದೆ. ನಿನ್ನೆಯ ಗರಿಯನ್ನೇ ಮಗುಚಿ ಕೊಡವುತ್ತೀರಿ. ಏಳುವುದು ನಾಲ್ಕಾರು ನೊಣ. ಸುರುಳಿಗಳು ಕದಡಿ ಹೋಗಿವೆ. ಕಪ್ಪು ಮರಿಗಳು ಮಾತ್ರ ಅಂಟಿಕೊಂಡ ಜಾಗದಲ್ಲೇ ಇವೆ.

ಅರ್ಧ ಕೆಲಸ ಮಳೆಯದು. ಮಳೆ ಬಿಟ್ಟ ಮೇಲೆ ಮತ್ತೆ ಬಿಸಿಲು ಬರುತ್ತದೆ, ನೊಣವೂ ಬರುತ್ತದೆ.

ಯಜಮಾನರು ಕನ್ನಡಿ ಹಿಡಿದು ಹುಡುಕಿ, ಕಪ್ಪು ಮರಿ ಅಂಟಿದ ನಾಲ್ಕು ಎಸಳು ಕೊಯ್ದು ಬಾಳೆನಾರಿನಲ್ಲಿ ಸುತ್ತಿಕೊಡುತ್ತಾರೆ.

"ನಿಮ್ಮ ತೋಟದ ಗರಿಗೆ ಕಟ್ಟಿ. ತೂತಿರೋದಲ್ಲ, ತೂತಿಲ್ಲದ್ನೇ ಆರ್ಸಿದೀನಿ. ಕಣಜಗಳು ಇನ್ನೂ ಒಳಗೇ ಇವೆ."