ಕೆಂಪು ಉಪ್ಪು

ಎರಡು ವರ್ಷಗಳ ಹಿಂದೆ, ಒಂದು ಭಾನುವಾರದ ಬಲಿಪೂಜೆಯ ಪ್ರಬೋಧನೆಯಲ್ಲಿ ಸೈಂಧವ ಲವಣದ ನಸುಗೆಂಪು ತುಂಡೊಂದನ್ನು ಎತ್ತಿ ಹಿಡಿದು, 'ಇದು ಮನುಷ್ಯನ ಕೈ ಕೆಡಿಸದ ಶುದ್ಧ ಉಪ್ಪು' ಎಂದಿದ್ದೆ. ಮಾತು ಕೇಳಲು ಚೆನ್ನಾಗಿತ್ತು. ಎಷ್ಟು ಸರಿ ಎಂದು ವಿಚಾರಿಸುವ ಗೋಜಿಗೆ ನಾನು ಹೋಗಿರಲಿಲ್ಲ.

ಕೆಲವು ತಿಂಗಳ ಬಳಿಕ ಬೊಮ್ಮಸಂದ್ರದಲ್ಲಿ, ಲೇತ್ ಕಾರ್ಖಾನೆಗಳ ಹಿಂದಿನ ಬೀದಿಯ ಮನೆಯೊಂದಕ್ಕೆ ಭೇಟಿ ನೀಡಿದೆ. ಆ ಮನೆಯ ತಾಯಿ ರಕ್ತದೊತ್ತಡ ಏರಿ ಆಸ್ಪತ್ರೆ ಸೇರಿ, ಹಿಂದಿನ ದಿನವಷ್ಟೇ ಮರಳಿದ್ದರು. "ಬಿಳಿ ಉಪ್ಪು ಮುಟ್ಟೋದೇ ಇಲ್ಲ ಸ್ವಾಮಿ. ನೀವು ಹೇಳಿದ ಕೆಂಪು ಉಪ್ಪೇ ಹಾಕ್ತೀನಿ. ಅದರಿಂದ ತೊಂದರೆ ಇಲ್ವಲ್ಲ ಅಂತ ಒಂದು ಚಿಟಿಕೆ ಜಾಸ್ತೀನೇ ಹಾಕ್ತೀನಿ" ಎಂದರು. ಕೈಯಲ್ಲಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟೆ.

ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ಅಂದಿನಿಂದ ಉಪ್ಪಿನ ಶಾಸ್ತ್ರ ಓದತೊಡಗಿದೆ.

ಬಂಡೆಯುಪ್ಪು ಮೂಲತಃ ಕಡಲೇ. ಸಮುದ್ರದ ಒಂದು ಭಾಗ ಬೇರ್ಪಟ್ಟು ಬಿಸಿಲಿಗೆ ಬತ್ತುತ್ತಾ ಹೋದರೆ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ ತಳಕ್ಕಿಳಿಯುತ್ತವೆ. ನೀರು ಹತ್ತರಲ್ಲೊಂದು ಪಾಲಿಗೆ ಇಳಿದಾಗ ಉಪ್ಪು ಹರಳುಗಟ್ಟುತ್ತದೆ. ಕಹಿಯಾದ ಮೆಗ್ನೀಷಿಯಂ ಲವಣಗಳು ಕೊನೆಗೆ ಉಳಿಯುತ್ತವೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಪ್ರತಿ ಬೇಸಿಗೆ ನಡೆಯುವುದೂ ಇದೇ. ಅಲ್ಲಿ ಹರಳನ್ನು ಬಳಿದು ರಾಶಿ ಹಾಕುತ್ತಾರೆ. ನಿಸರ್ಗವಾದರೋ ಅದರ ಮೇಲೆ ಮಣ್ಣು ಹೊದಿಸಿ, ಒತ್ತಿ, ಬಂಡೆಯಾಗಿಸುತ್ತದೆ. ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯ ಉಪ್ಪು 50 ಕೋಟಿ ವರ್ಷಗಳಿಗೂ ಹಳೆಯದು. ಸಿಂಧೂ ಸೀಮೆಯಿಂದ ಬಂದದ್ದರಿಂದಲೇ ಅದು ಸೈಂಧವ. ಭಾರತದೊಳಗೆ ಹಿಮಾಚಲದ ಮಂಡಿಯಲ್ಲಿ ಇಂಥ ಗಣಿಗಳಿವೆ. (ನಮ್ಮ ಅಂಗಡಿಗಳ 'ಕಲ್ಲುಪ್ಪು' ಬಹುಮಟ್ಟಿಗೆ ಕಡಲುಪ್ಪಿನ ದಪ್ಪ ಹರಳೇ, ಹೆಸರು ಎಷ್ಟು ಜನರನ್ನು ದಾರಿ ತಪ್ಪಿಸುತ್ತದೆ!)

ಬಣ್ಣದ ವಿಷಯ ನನ್ನನ್ನು ಇನ್ನಷ್ಟು ನಾಚಿಸಿತು. ಅಪ್ಪಟ ಉಪ್ಪಿಗೆ ಬಣ್ಣವೇ ಇಲ್ಲ, ಗಾಜಿನಂತೆ ಪಾರದರ್ಶಕ. ಜೇಡಿ ಬೆರೆತರೆ ಬೂದು, ಕಬ್ಬಿಣದ ಆಕ್ಸೈಡ್ ಬೆರೆತರೆ ಕೆಂಪು. ಬೊಮ್ಮಸಂದ್ರದಲ್ಲಿ ಪಾಯ ಅಗೆದಾಗ ಮೇಲೇಳುವ ಕೆಮ್ಮಣ್ಣಿನ ಕೆಂಪೂ ಕಾರ್ಖಾನೆಯ ಗೇಟಿನ ತುಕ್ಕಿನ ಕೆಂಪೂ ಅದೇ ಬಳಗದವು. ಅಂದರೆ ನಾನು ಶುದ್ಧತೆಯ ಗುರುತೆಂದು ಎತ್ತಿ ತೋರಿಸಿದ್ದು ಬೆರಕೆಯನ್ನು! ಅಪರೂಪದ ನೀಲಿ ಉಪ್ಪಿನ ಕಥೆಯೇ ಬೇರೆ. ನೆಲದೊಳಗಿನ ವಿಕಿರಣ ತಾಗಿ ಹರಳಿನ ಅಣುಜೋಡಣೆಯಲ್ಲಿ ಉಂಟಾದ ಲೋಪಗಳು ಬೆಳಕನ್ನು ಹೀರುವುದರಿಂದ ಅಲ್ಲಿ ನೀಲಿ ಹೊಮ್ಮುತ್ತದೆ.

ಆ ಕೆಂಪಿಗೆ ಬೇಕಾದ ಕಬ್ಬಿಣ ಅತ್ಯಲ್ಪ. ರಕ್ತಹೀನತೆಗೆ ಅದು ಮದ್ದಲ್ಲ. ಉಳಿದಂತೆ ನೂರರಲ್ಲಿ 95ಕ್ಕೂ ಹೆಚ್ಚು ಪಾಲು ಅದೇ ಸೋಡಿಯಂ ಕ್ಲೋರೈಡ್. ರಕ್ತನಾಳಕ್ಕೆ ಬಣ್ಣ ತಿಳಿಯದು. ಮೇಲಾಗಿ, ಗಳಗಂಡ ತಡೆಯಲೆಂದು ಅಡುಗೆ ಉಪ್ಪಿಗೆ ಸೇರಿಸುವ ಅಯೋಡಿನ್ ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಒಂದು ಚಹಾ ಚಮಚವೂ ತುಂಬದು.

ಮುಂದಿನ ಭಾನುವಾರ ಅದೇ ತುಂಡನ್ನು ಹಿಡಿದು, ನಾನು ಹೇಳಿದ್ದು ತಪ್ಪೆಂದು ಸಭೆಗೆ ತಿಳಿಸಿದೆ. ಕೆಲವರು ನಕ್ಕರು. ಸಂಜೆ ಬೊಮ್ಮಸಂದ್ರಕ್ಕೆ ಹೋಗಿ ಆ ತಾಯಿಯ ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಉಪ್ಪಿನ ಭರಣಿಯನ್ನೇ ನೋಡಿ, "ಹಾಗಾದ್ರೆ ಇನ್ಮೇಲೆ ಸಾರು ಸಪ್ಪೇನೇ ಅನ್ನಿ ಸ್ವಾಮಿ" ಎಂದರು. ಆ ರಾತ್ರಿ ಅಲ್ಲೇ ಊಟ ಮಾಡಿದೆ. ಸಾರು ಸಪ್ಪೆಯಾಗಿತ್ತು, ಜೊತೆಗೊಂದು ನಿಂಬೆಹೋಳು ಇಟ್ಟಿದ್ದರು.