ಗೋಣಿತಾಟಿನ ದರ್ಬಾರು

ನಾಯಿಗೆ ಮುಪ್ಪು ಬಂದ ಸುದ್ದಿಯನ್ನು ಮನೆಯವರಿಗೆ ಮೊದಲು ಮುಟ್ಟಿಸುವುದು ನೆಲ. ಮೂತಿಯ ಕೂದಲು ಬೆಳ್ಳಗಾಗುವುದು ದಿನವೂ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಕಿವಿ ಮಂದವಾದರೆ ‘ಎಷ್ಟು ಕೊಬ್ಬು ನೋಡು, ಕರೆದರೂ ತಿರುಗಲ್ಲ’ ಎಂದು ಬೈದು ಸುಮ್ಮನಾಗುತ್ತೇವೆ. ಆದರೆ ಹಾಲಿನವನನ್ನು ಕಂಡು ಗಡಬಡಿಸಿ ಎದ್ದ ನಾಯಿಯ ಹಿಂಗಾಲೆರಡೂ ಟೈಲ್ಸಿನ ಮೇಲೆ ಆ ಕಡೆಗೊಂದು ಈ ಕಡೆಗೊಂದು ಜಾರಿ, ಅದು ಬೊಗಳುವುದನ್ನೂ ಮರೆತು ಕುಕ್ಕರಿಸಿ ಕೂತು ನಮ್ಮ ಮುಖ ನೋಡುತ್ತದಲ್ಲ, ಅವತ್ತು ಗೊತ್ತಾಗುತ್ತದೆ.

ನಮ್ಮ ದಾಸುವಿಗೆ ಈಗ 14 ವರ್ಷ. ಮೈಸೂರಿನ ಕುವೆಂಪುನಗರದ ನಮ್ಮ ರಸ್ತೆಯ ಮೋರಿಯ ಪಕ್ಕದಲ್ಲೇ ಹುಟ್ಟಿದವನು. ಮಗಳು ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ತಂದಳು. ಆಮೇಲೆ ಓದು ಮುಗಿಸಿ ಬೆಂಗಳೂರಿಗೆ ಹೋದಳು, ನಾಯಿ ನಮಗೆ ಉಳಿಯಿತು. ಬಹಳ ಮನೆಗಳ ಚರಿತ್ರೆ ಇಷ್ಟೇ. ದಾಸುವಿನ ಕಾಲು ಜಾರತೊಡಗಿದ ಮೇಲೆ ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳಿದ್ದ ನಮ್ಮ ವಿಟ್ರಿಫೈಡ್ ಟೈಲ್ಸಿನ ಗರ್ವ ಇಳಿಯಿತು. ಸಂತೇಪೇಟೆಯ ಮಂಡಿಯಿಂದ ಗೋಣಿಚೀಲ ತಂದು, ಒಗೆದು, ಬಿಚ್ಚಿ, ದಬ್ಬಳದಲ್ಲಿ ಹೊಲಿದು, ಬಾಗಿಲಿಂದ ಅಡುಗೆಮನೆಯವರೆಗೆ, ಅಲ್ಲಿಂದ ಹಿತ್ತಿಲವರೆಗೆ ದಾಸುವಿಗೊಂದು ರಸ್ತೆ ಹಾಸಿದೆವು. ಬರೀ ಗೋಣಿತಾಟೂ ಟೈಲ್ಸಿನ ಮೇಲೆ ಜಾರುತ್ತದೆ. ಅದರಡಿಗೆ ಮಗಳು ಬಿಟ್ಟುಹೋದ ಯೋಗ ಮ್ಯಾಟನ್ನು ಕತ್ತರಿಸಿ ಹಾಕಿದ ಮೇಲೆ ಹಿಡಿತ ಬಂತು. ಬೆಳೆದ ಉಗುರನ್ನೂ ಪಾದದ ಮೆತ್ತೆಗಳ ಸಂದಿನ ಕೂದಲನ್ನೂ ಕತ್ತರಿಸಿದಾಗ ಇನ್ನಷ್ಟು ಬಂತು. ಮೆಟ್ಟಿಲಿರುವ ಕಡೆ ಅವನ ಹೊಟ್ಟೆಯಡಿಗೆ ಟವಲು ತೂರಿಸಿ, ಎರಡು ತುದಿಯನ್ನೂ ಮೇಲೆ ಹಿಡಿದು, ಹಿಂಗಾಲಿನ ಭಾರವನ್ನು ನಾನು ಹೊತ್ತರೆ ಮುಂಗಾಲಿನ ಗಾಂಭೀರ್ಯವನ್ನು ಅವನು ನೋಡಿಕೊಳ್ಳುತ್ತಾನೆ. ಮನೆಗೆ ಬಂದವರು ಗೋಣಿತಾಟಿನ ಮೇಲೆ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಿಲ್ಲುತ್ತಾರೆ. ನನ್ನ ಹೆಂಡತಿ ಮೊದಮೊದಲು ವಿವರಣೆ ಕೊಡುತ್ತಿದ್ದಳು, ಈಗ ಬಿಟ್ಟಿದ್ದಾಳೆ.

ಮಗಳು ಆನ್‌ಲೈನಿನಲ್ಲಿ ತರಿಸಿದ ಮೆತ್ತನೆಯ ನಾಯಿ ಹಾಸಿಗೆಯನ್ನು ದಾಸು ಒಮ್ಮೆ ಮೂಸಿ ಬಿಟ್ಟ. ಈಗ ಅದರಲ್ಲಿ ಈರುಳ್ಳಿ ಹರಡಿದ್ದೇವೆ. ಅವನು ಆರಿಸಿಕೊಂಡ ಜಾಗ ನಮ್ಮಮ್ಮನ ಮಂಚದ ಕಾಲ ಬಳಿ. ಅಮ್ಮನ ಹಳೆ ನೂಲಿನ ಸೀರೆಗಳನ್ನು ಒಳಗಿಟ್ಟು ಹೊಲಿದ ದಪ್ಪ ಕೌದಿ, ಅದರ ಮೇಲೆ ಮೆಡಿಕಲ್ ಶಾಪಿನ ರಬ್ಬರ್ ಶೀಟು, ಅದರ ಮೇಲೆ ಇನ್ನೊಂದು ಸೀರೆಯ ಮಡಿಕೆ. ಇದು ಅವನ ಸಿಂಹಾಸನ. ಒದ್ದೆಯಾದರೆ ಮೇಲಿನ ಮಡಿಕೆ ಒಗೆಯಲು ಹೋಗುತ್ತದೆ, ಕೌದಿ ಉಳಿಯುತ್ತದೆ. ಹಾಸಿಗೆ ದಪ್ಪವಿರಲೇಬೇಕೆಂದು ಪಶುವೈದ್ಯರು ಪಟ್ಟು ಹಿಡಿದಿದ್ದರು. ಮಲಗಿದಲ್ಲೇ ಮಲಗುವ ನಾಯಿಯ ಮೊಣಕೈ, ಸೊಂಟ, ಭುಜ, ಹೀಗೆ ಮೂಳೆ ಚರ್ಮಕ್ಕೆ ಒತ್ತುವ ಕಡೆಗಳಲ್ಲಿ ರಕ್ತ ಹರಿಯದೆ ಹುಣ್ಣಾಗುತ್ತದೆ. ತಾನಾಗಿ ಹೊರಳಲಾಗದ ದಿನಗಳಲ್ಲಿ ಎರಡು ಮೂರು ಗಂಟೆಗೊಮ್ಮೆ ನಾವೇ ಮಗ್ಗುಲು ಬದಲಿಸಬೇಕು.

ಮಳೆಗಾಲದಲ್ಲಿ ಇದರ ಮೇಲೆ ನೊಣದ ಕಾಟ. ಚಿಕ್ಕ ಹುಣ್ಣೊಂದು, ಬಾಲದ ಬುಡದಲ್ಲಿ ಆರದ ತೇವವೊಂದು ಸಿಕ್ಕರೂ ಸಾಕು, ನೊಣ ಮೊಟ್ಟೆಯಿಟ್ಟು ಹೋಗುತ್ತದೆ, ಒಂದೆರಡು ದಿನದಲ್ಲಿ ಹುಳ ಬೀಳುತ್ತದೆ. ಹಳ್ಳಿಯಲ್ಲಿ ಎಷ್ಟೋ ಮುದಿ ನಾಯಿಗಳು ಮುಪ್ಪಿನಿಂದ ಸಾಯುವುದಿಲ್ಲ, ಈ ಹುಳದಿಂದ ಸಾಯುತ್ತವೆ. ಅದಕ್ಕೇ ನಮ್ಮ ಮನೆಯಲ್ಲಿ ಬೆಳಿಗ್ಗೆ ಸಂಜೆ ತಪಾಸಣೆ. ಹಿಂಭಾಗದ ಕೂದಲನ್ನು ಗಿಡ್ಡ ಮಾಡಿದ್ದೇವೆ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಪೂರ್ತಿ ಆರುವಂತೆ ಇನ್ನೊಂದು ಬಟ್ಟೆಯಲ್ಲಿ ಒತ್ತಿ, ಬೇಕಾದರೆ ಫ್ಯಾನ್ ಹಾಕಿ ಒಣಗಿಸುತ್ತೇವೆ. ಹೊಟ್ಟೆ ಎಳೆದುಕೊಂಡು ತೆವಳಿ, ಮೈ ನೆಕ್ಕಿಕೊಳ್ಳುವ ಪ್ರಾಣಿ ಇರುವ ಕಡೆ ಘಾಟು ಫಿನಾಯಿಲ್ ಸುರಿಯುವಂತಿಲ್ಲ. ಈ ಕೆಲಸದಲ್ಲಿ ಕರುಣೆಗಿಂತ ಹೆಚ್ಚಾಗಿ ಬೇಕಾದದ್ದು ಒಣಬಟ್ಟೆ.

ಊಟದ ಖಾತೆ ಅಮ್ಮನದು. ಎಂಬತ್ತು ದಾಟಿದ ಅಮ್ಮನಿಗೂ ದಾಸುವಿಗೂ ಕಾಯಿಲೆಗಳು ಹೆಚ್ಚುಕಡಿಮೆ ಒಂದೇ ಆದ್ದರಿಂದ ಅವರಿಬ್ಬರ ನಡುವೆ ನಮಗೆ ಪ್ರವೇಶವಿಲ್ಲದ ಒಂದು ಒಪ್ಪಂದವಿದೆ. ಕತ್ತು ಬಗ್ಗಿಸಿದರೆ ನೋವೆಂದು ತಟ್ಟೆಯನ್ನು ಮಣೆಯ ಮೇಲಿಡಬೇಕೆಂದು ಅಮ್ಮನಿಗೆ ಯಾರೂ ಹೇಳಿಕೊಡಲಿಲ್ಲ. “ನಂಗೂ ಬಗ್ಗಕ್ಕಾಗಲ್ಲ, ಅದುಕ್ಕೂ ಆಗಲ್ಲ” ಎಂದು ತಾವೇ ಇಟ್ಟರು. ಮುದಿ ನಾಯಿಗೆ ಮೂಗೂ ಮೊಂಡಾಗುತ್ತದೆ. ವಾಸನೆ ಹತ್ತದಿದ್ದರೆ ಊಟ ಸೇರುವುದಿಲ್ಲ. ಅನ್ನವನ್ನು ಸ್ವಲ್ಪ ಬಿಸಿ ಮಾಡಿಕೊಟ್ಟರೆ ವಾಸನೆಯೇಳುತ್ತದೆ, ತಲೆಯೆತ್ತುತ್ತಾನೆ. ಜನ್ಮವಿಡೀ ಉಂಡ ಸಾಂಬಾರು ಮಾತ್ರ ಬಂದ್. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ, ದ್ರಾಕ್ಷಿ ಒಣದ್ರಾಕ್ಷಿ ಕಿಡ್ನಿಗೆ ಆಗದು ಎಂದು ಡಾಕ್ಟರು ಪಟ್ಟಿ ಓದಿದಾಗ ಅಮ್ಮ, “ಇಷ್ಟ್ ವರ್ಸ ತಿಂದಾಗ ಏನಾಯ್ತು ಡಾಕ್ಟ್ರೇ?” ಎಂದು ಕೇಳಿದರು. “ಅವಾಗ ಕಿಡ್ನಿ ಹೊಸದಿತ್ತು ಅಮ್ಮಾ” ಎಂದರು ಡಾಕ್ಟರು. ಅಮ್ಮನಿಗೆ ಉತ್ತರ ಒಪ್ಪಿಗೆಯಾಯಿತು.

ಕಿಡ್ನಿ ಸೋತ ನಾಯಿ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಉಚ್ಚೆ ಹೊಯ್ಯುತ್ತದೆ. ಮನೆ ಗಲೀಜಾಗುತ್ತದೆಂದು ರಾತ್ರಿ ನೀರಿನ ಬೋಗುಣಿ ಎತ್ತಿಡುವವರಿದ್ದಾರೆ. ಅದು ಅವಿವೇಕ, ಹೊರಹೋಗುವ ನೀರನ್ನು ತಡೆಯುವ ಶಕ್ತಿ ಕಿಡ್ನಿಗಿಲ್ಲದ ಮೇಲೆ ಕುಡಿಯುವ ನೀರನ್ನೂ ತಡೆದರೆ ನಾಯಿ ಒಣಗಿ ಹೋಗುತ್ತದೆ. ಕುಡಿದದ್ದೂ ಸಾಲದಾದಾಗ ಚರ್ಮದಡಿಗೆ ಸಲೈನ್ ಕೊಡುವುದನ್ನು ಡಾಕ್ಟರು ಹೆಂಡತಿಗೆ ಕಲಿಸಿದರು. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಹದ ಮಾಡಿ, ಕಿಟಕಿಯ ಸರಳಿಗೆ ನೇತುಹಾಕಿ, ಭುಜದ ಮೇಲಿನ ಸಡಿಲು ಚರ್ಮವನ್ನು ಎತ್ತಿ ಹಿಡಿದು ಸೂಜಿ ಹಾಕುತ್ತಾಳೆ. ಸ್ವಲ್ಪ ಹೊತ್ತಿಗೆ ದಾಸುವಿನ ಬೆನ್ನ ಮೇಲೆ ಗೂಳಿಗಿರುವಂಥ ಹಿಣಿಲು ಎದ್ದು ನಿಲ್ಲುತ್ತದೆ. ಗಂಟೆಗಳು ಕಳೆದಂತೆ ಮೈ ಅದನ್ನು ಹೀರಿಕೊಳ್ಳುತ್ತದೆ. ಈ ಕಾರ್ಯಕ್ರಮದಲ್ಲಿ ನನ್ನ ಪಾತ್ರ ತಲೆ ಸವರುವುದು ಮತ್ತು ಬೇರೆ ಕಡೆ ನೋಡುವುದು.

ಮಾತ್ರೆಯ ವಿಚಾರಕ್ಕೆ ಬಂದರೆ, ಬಾಳೆಹಣ್ಣಿನಲ್ಲಿಟ್ಟದ್ದನ್ನು ಹಣ್ಣು ತಿಂದು ಮಾತ್ರೆ ಉಗುಳಿದ. ಬೆಲ್ಲದಲ್ಲಿಟ್ಟದ್ದನ್ನೂ ಪತ್ತೆ ಹಚ್ಚಿದ. ಕೊನೆಗೆ ದಾರಿ ತೋರಿಸಿದ್ದು ರಾಗಿಮುದ್ದೆ. ಮುದ್ದೆಯನ್ನು ಅಗಿಯದೆ ನುಂಗಬೇಕೆಂಬುದು ಅಮ್ಮನ ಮದ್ದೂರು ಸೀಮೆಯ ಶಿಸ್ತು. ಅದನ್ನು ನಮ್ಮ ಮಗಳು ಪಾಲಿಸಲಿಲ್ಲ, ದಾಸು ಪಾಲಿಸಿದ. ಗೋಲಿಯಷ್ಟು ತುತ್ತಿನೊಳಗೆ ಮಾತ್ರೆ ಅಡಗಿಸಿ, ಈರುಳ್ಳಿ ಬೆಳ್ಳುಳ್ಳಿ ಹಾಕದ ಬೇಳೆಕಟ್ಟಿನಲ್ಲಿ ಅದ್ದಿ ಕೊಟ್ಟರೆ ಗುಳುಂ.

ಆದರೆ ಯಾವ ಮಾತ್ರೆ? ಅಮ್ಮ ತಮ್ಮ ಮಂಡಿನೋವಿನ ಡೈಕ್ಲೊಫೆನಾಕ್ ಅರ್ಧ ಮುರಿದು ಅವನಿಗೂ ಕೊಡೋಣವೆಂದಿದ್ದರು. ನಮ್ಮ ನೋವಿನ ಮಾತ್ರೆಗಳು ಪ್ರಾಣಿಗಳಿಗೆ ವಿಷವಾಗಬಲ್ಲವು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ. ಬೆಕ್ಕಿಗಂತೂ ಒಂದು ಪ್ಯಾರಸಿಟಮಾಲ್ ಸಾಕು ಪ್ರಾಣ ಹೋಗಲು. ಜ್ವರವೆಂದು ಮುಟ್ಟಿ ನೋಡಿ ಮಾತ್ರೆ ಹಾಕುವವರು ಇನ್ನೊಂದನ್ನೂ ತಿಳಿದಿರಬೇಕು: ನಾಯಿಯ ಸಹಜ ಮೈಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಡೈಕ್ಲೊಫೆನಾಕಿನ ಕತೆ ಇನ್ನೂ ದೊಡ್ಡದು. ದನಗಳಿಗೆ ಕೊಟ್ಟ ಈ ಔಷಧಿ ಸತ್ತ ದನವನ್ನು ತಿಂದ ರಣಹದ್ದುಗಳ ಕಿಡ್ನಿ ಕೆಡಿಸಿ ಅವುಗಳ ಸಂತತಿಯನ್ನೇ ಬರಿದು ಮಾಡಿತು. 2006ರಲ್ಲಿ ಸರ್ಕಾರ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಿತು. ಮಗಳು ಬೆಂಗಳೂರಿಂದ ಬರುವ ರೈಲು ಹಾದುಬರುವ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವುದು ಕೆಲವೇ ಹದ್ದುಗಳು. ಇದನ್ನು ಹೇಳಿದ ಮೇಲೆ ಅಮ್ಮ ತಮ್ಮ ಮಾತ್ರೆಯನ್ನು ಡಬ್ಬಿಗೆ ಹಾಕಿ, “ನಾನ್ ಸತ್ರೆ ಹದ್ದು ಬರಲ್ಲ ಬಿಡು, ಸುಟ್ ಹಾಕ್ತೀರ” ಎಂದರು.

ನಾಯಿಯ ಮಾತಿನ ನಡುವೆ ಅಮ್ಮನ ಮದ್ದೂರು ತಾಲ್ಲೂಕೆಂದೊಡನೆ ಅಲ್ಲಿನ ಆತಕೂರಿನ ಕಲ್ಲು ನೆನಪಾಗದೆ ಇರುವುದಿಲ್ಲ. ಹತ್ತನೆಯ ಶತಮಾನದ ನಡುವೆ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರ ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಪೂಜಾರಿಗೆ, ನಾಯಿಯ ಪಾಪ ತಟ್ಟುತ್ತದೆಂಬ ಎಚ್ಚರಿಕೆಯೂ ಅದರಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಇಂದಿಗೂ ಸೆಣಸುತ್ತಿವೆ. ನೋಡಿದಾಗಲೆಲ್ಲ ನನಗೊಂದು ತಕರಾರು. ಕಾಳಿ ಕಾದಾಡುತ್ತ ಸತ್ತಿತು, ಶಾಸನವಾಯಿತು. ಹಂದಿಯಿಂದ ತಪ್ಪಿಸಿಕೊಂಡು ಮನೆಗೆ ಬಂದು, ಕಣ್ಣು ಮಂಜಾಗಿ, ಮಣಲೇರನ ಹೆಂಡತಿಯ ಕಾಲಿಗೆ ಅಡ್ಡ ಮಲಗಿ, ರಾತ್ರಿಯೆಲ್ಲ ನರಳಿದ್ದರೆ ಯಾವ ಗೊರವ ಪೂಜೆ ಮಾಡುತ್ತಿದ್ದ?

ರಾತ್ರಿಯೇ ಕಷ್ಟದ ಹೊತ್ತು. ಮುದಿ ನಾಯಿಗಳಿಗೆ ಅರಳುಮರಳಿನಂಥದ್ದು ಬಂದು ಹಗಲು ರಾತ್ರಿ ಅದಲುಬದಲಾಗುತ್ತದೆ. ದಾಸು ಹಗಲೆಲ್ಲ ಮಲಗಿ, ಊರೆಲ್ಲ ಮಲಗಿದ ಮೇಲೆ ಗೋಣಿತಾಟಿನ ಮೇಲೆ ಗಸ್ತು ಹೊರಡುತ್ತಾನೆ. ಬಾಗಿಲ ಸಂದಿಗೆ ತಲೆ ತೂರಿಸಿ, ಹಿಂದೆ ಬರುವುದು ಹೇಗೆಂದು ತಿಳಿಯದೆ ನಿಂತುಬಿಡುತ್ತಾನೆ. ಅದಕ್ಕೇ ಒಂದು ಜೀರೋ ಬಲ್ಬು ಸದಾ ಉರಿಯುತ್ತದೆ, ಕುರ್ಚಿ ಮೇಜು ಇದ್ದ ಜಾಗದಿಂದ ಕದಲುವುದಿಲ್ಲ. ಎಚ್ಚರವಾದಾಗ ಅಮ್ಮ ಅವನೊಡನೆ ಮಾತಾಡುತ್ತಾರೆ. ಕೇಳಿಸುವುದಿಲ್ಲವೆಂದು ಅವರಿಗೂ ಗೊತ್ತು.

ಮಗಳು ವಾಟ್ಸಾಪಿನಲ್ಲಿ ಒಂದು ಅಂಕಪಟ್ಟಿ ಕಳಿಸಿದ್ದಾಳೆ. ಆಲಿಸ್ ವಿಲ್ಲಲೋಬೋಸ್ ಎಂಬ ಅಮೆರಿಕದ ಪಶುವೈದ್ಯೆ 2004ರಲ್ಲಿ ಮಾಡಿದ್ದು. ನೋವು, ಹಸಿವು, ನೀರು, ಶುಚಿ, ಸಂತೋಷ, ನಡಿಗೆ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು, ಹೀಗೆ ಏಳು ವಿಷಯ. ಒಂದೊಂದಕ್ಕೆ ಹತ್ತು ಅಂಕ. 35 ದಾಟಿದರೆ ಬದುಕು ಸಹನೀಯ. 35 ಎಂದೊಡನೆ ಎಸ್ಸೆಸ್ಸೆಲ್ಸಿ ನೆನಪಾಗದ ಕನ್ನಡಿಗನಿಲ್ಲ, ಆದರೆ ಇಲ್ಲಿ ಒಟ್ಟು 70. ನೋವು ಎಂಬ ವಿಷಯದಲ್ಲಿ ಉಸಿರಾಟವೂ ಸೇರಿದೆ. ಮಲಗಿರುವಾಗ ನಿಮಿಷಕ್ಕೆ 30 ಮೀರಿ ಪಕ್ಕೆ ಎದ್ದಿಳಿದರೆ ಡಾಕ್ಟರಿಗೆ ಫೋನ್ ಮಾಡಬೇಕು. ಉಸಿರಿಗೆ ಕಷ್ಟಪಡುವ ಜೀವಕ್ಕೆ ಬೇರೆ ವಿಷಯಗಳಲ್ಲಿ ಎಷ್ಟು ಅಂಕ ಬಂದರೂ ಪ್ರಯೋಜನವಿಲ್ಲ.

ಕೊನೆಯ ಇಂಜೆಕ್ಷನ್ನಿನ ಮಾತೂ ಆಗಿದೆ. ಡಾಕ್ಟರು ಮನೆಗೇ ಬರುತ್ತಾರಂತೆ. ಮೊದಲು ನಿದ್ದೆಯದು, ಗಾಢ ನಿದ್ದೆ ಹತ್ತಿದ ಮೇಲೆ ಇನ್ನೊಂದು. ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಒಂದೆರಡು ಸಲ ಉಸಿರೆಳೆದ ಹಾಗೆ ಕಾಣಬಹುದು, ಉಚ್ಚೆ ಹೋಗಬಹುದು, ಹೆದರಬೇಡಿ ಎಂದು ಮೊದಲೇ ಹೇಳಿಟ್ಟಿದ್ದಾರೆ. ಆ ಔಷಧಿ ಮೈಯಲ್ಲೇ ಉಳಿಯುವುದರಿಂದ ಕಾಗೆ ನಾಯಿಗಳು ಕೆದಕದಷ್ಟು ಆಳದ ಗುಂಡಿ ಬೇಕು, ಬಾವಿಯಿಂದ ದೂರವಿರಬೇಕು. ದೇವರು ಕೊಟ್ಟ ಜೀವ, ಅವನೇ ತೆಗೆದುಕೊಳ್ಳಲಿ ಎಂದು ಪಕ್ಕದ ಮನೆಯವರು ಬುದ್ಧಿ ಹೇಳಿ ಹೋದರು. ರಾತ್ರಿ ನರಳುವ ಸದ್ದು ಅವರ ಮನೆಗೆ ಕೇಳಿಸುವುದಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯ್ದೆಯೇ, ಉಳಿಸಿಕೊಳ್ಳುವುದೇ ಕ್ರೌರ್ಯವಾಗುವ ಸಂದರ್ಭವುಂಟೆಂದು ಒಪ್ಪುತ್ತದೆ. ನನಗೆ ಪಾಪದ ಭಯವಿಲ್ಲ. ದಿನ ಗೊತ್ತುಮಾಡುವ ಭಯವಿದೆ, ಅಷ್ಟೆ.

ಸದ್ಯಕ್ಕೆ ಮೌಲ್ಯಮಾಪನದಲ್ಲೇ ಒಮ್ಮತವಿಲ್ಲ. ಒಗೆಯುವವಳು ತಾನಾದ್ದರಿಂದ ಶುಚಿಯಲ್ಲಿ ಹೆಂಡತಿ ಕಟ್ಟುನಿಟ್ಟು. ಅವಳ ಲೆಕ್ಕದಲ್ಲಿ ದಾಸುವಿಗೆ 33. ಅಮ್ಮ ಎಲ್ಲದಕ್ಕೂ ಧಾರಾಳ, ನಡಿಗೆಗೂ ಎಂಟು ಕೊಟ್ಟಿದ್ದಾರೆ. “ನಂಗಿಂತ ಚೆನ್ನಾಗಿ ನಡೀತದೆ ಕಣಪ್ಪ” ಎಂಬುದು ಅವರ ಸಮರ್ಥನೆ. ಅವರ ಮೊತ್ತ 50 ದಾಟುತ್ತದೆ. ಭಾನುವಾರ ಡಾಕ್ಟರು ಬಂದು ಮರುಮೌಲ್ಯಮಾಪನ ಮಾಡಲಿದ್ದಾರೆ. ಅವರೂ ಊಟ ಮಾಡಿಕೊಂಡೇ ಹೋಗಲಿ ಎಂದು ಅಮ್ಮ ಆಗಲೇ ರಾಗಿಹಿಟ್ಟು ಬೀಸಿಸಿಟ್ಟಿದ್ದಾರೆ.